ಕಬ್ಬಿನ ಬಿಲ್ ಬರೋಕೆ ಮುಂಚಿನ ತಲೆ, ಬಂದ ಮೇಲಿನ ತಲೆ

ಕಟಾವಿಗೆ ಮುಂಚಿನ ಎರಡು ತಿಂಗಳು ಕಬ್ಬು ಬೆಳೆಯೋರ ತಲೆ ತಲೆಯಾಗಿರಲ್ಲ. ಕಬ್ಬು ಸೂಲಂಗಿ ಬಂದು ನಿಂತಿರುತ್ತೆ, ಪರ್ಮಿಟ್ ಸಿಕ್ಕಿರಲ್ಲ, ಸೊಸೈಟಿ ಸಾಲದ ವಾಯಿದೆ ಹತ್ರ ಬಂದಿರುತ್ತೆ. ಮನೇಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಎರಡನೇ ಸಲ ಕೇಳಿದಾಗ್ಲೇ ನಮಗೆ ಕಿವಿಗೆ ಬೀಳೋದು. ಇದನ್ನ ನೋಡಿದ ಪೇಟೆಯೋರು ‘ರೈತರಿಗೆ ಲೆಕ್ಕಾಚಾರ ಇಲ್ಲ’ ಅಂದ್ಬಿಡ್ತಾರೆ.

ನಮ್ಮಂಥ ಕಬ್ಬು ಬೆಳೆಗಾರರ ಮೇಲೇ ಇದನ್ನ ಪರೀಕ್ಷೆ ಮಾಡವ್ರೆ. ತಮಿಳುನಾಡಿನ ವಿಲ್ಲುಪುರಂ, ತಿರುವಣ್ಣಾಮಲೈ ಜಿಲ್ಲೆಗಳ 54 ಹಳ್ಳಿ, 464 ರೈತರು. ಆನಂದಿ ಮಣಿ ಮತ್ತವರ ಜೊತೆಯೋರು ಮಾಡಿದ್ದು, 2013ರಲ್ಲಿ ‘ಸೈನ್ಸ್’ ಪತ್ರಿಕೇಲಿ ಬಂತು. ಅದೇ ರೈತನಿಗೆ ಕಟಾವಿಗೆ ಮುಂಚೆ ಒಂದ್ಸಲ, ದುಡ್ಡು ಕೈಗೆ ಬಂದ ಮೇಲೆ ಇನ್ನೊಂದ್ಸಲ ಪರೀಕ್ಷೆ. ಒಂದು ಚಿತ್ರದಲ್ಲಿ ಬಿಟ್ಟುಹೋದ ತುಂಡು ಯಾವುದು ಅಂತ ಗುರುತಿಸಬೇಕು. ಇನ್ನೊಂದರಲ್ಲಿ 5 5 5 ಅಂತ ಬರೆದಿದ್ರೆ ‘ಐದು’ ಅನ್ನದೆ, ಎಷ್ಟಿದೆ ಅಂತ ಎಣಿಸಿ ‘ಮೂರು’ ಅನ್ನಬೇಕು. ಕೂತು ಮಾಡಿ ನೋಡಿ, ಬಾಯಿಗೆ ಐದೇ ಬರುತ್ತೆ. ಕಟಾವಿಗೆ ಮುಂಚೆ ಹೆಚ್ಚು ತಪ್ಪಿದ ರೈತನೇ ದುಡ್ಡು ಬಂದ ಮೇಲೆ ಬೇಗ, ಸರಿಯಾಗಿ ಉತ್ತರ ಹೇಳವ್ನೆ. ಊಟ ಕಮ್ಮಿಯಾಗಿ ಹಿಂಗಾಯ್ತಾ, ಕೆಲಸದಿಂದಾನಾ ಅಂತಲೂ ನೋಡಿದ್ರು, ಅದಲ್ಲ. ದುಡ್ಡಿನ ಯೋಚನೆ ತಲೆಯೊಳಗೆ ಜಾಗ ಹಿಡ್ಕೊಂಡು ಕೂತಿರುತ್ತೆ, ಬೇರೆದಕ್ಕೆ ಉಳಿಯೋದು ಕಮ್ಮಿ ಅಂತ ಅವರ ತೀರ್ಮಾನ. ಬುದ್ಧಿ ಎಲ್ಲೂ ಹೋಗಿಲ್ಲ, ಅಡ ಇಟ್ಟಂಗೆ ಆಗಿರುತ್ತೆ ಅಷ್ಟೇ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಹಾಕಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದ್ರೆ ವರ್ಷಕ್ಕೆ ಶೇ. 15 ಬಡ್ಡಿ. ಆ ಬಡ್ಡಿ ಕೈಗೆ ಬಂದೋರನ್ನ ಕಂಡಿದ್ರೆ ಕಾಮೆಂಟಲ್ಲಿ ಹಾಕಿ! ಬಂದ್ರೂ, ಕಾದ ದಿನಗಳಲ್ಲಿ ತಲೆ ಕೆಟ್ಟು ಆದ ಲುಕ್ಸಾನಿಗೆ ಅದ್ರಲ್ಲಿ ಲೆಕ್ಕ ಇಲ್ಲ. ನಿಂತ ಕಬ್ಬನ್ನ ‘ಇವತ್ತೇ ಹೇಳು, ಕೈಮೇಲೆ ದುಡ್ಡು’ ಅನ್ನೋರು ಬರೋದೂ ಸರಿಯಾಗಿ ಆ ಹೊತ್ತಿಗೇ. ಅವರಿಗೆ ಯಾವ ಪತ್ರಿಕೆ ಓದೋದೂ ಬೇಕಿಲ್ಲ. (ಆಲೆಮನೆಯೋರೆಲ್ಲ ಹಂಗಲ್ಲ, ನ್ಯಾಯವಾಗಿ ತೂಕ ಹಾಕಿ ಕೊಡೋರೂ ಅವ್ರೆ.)

ನಮ್ಮನೇಲಿ ನಡ್ಕೊಂಡು ಬಂದಿರೋದು ಹಿಂಗೆ. ಬಿಲ್ ಬಂದ ಮೊದಲ ವಾರ ನಾನೂ ನಮ್ಮನೆಯವಳೂ ನೋಟ್‌ಬುಕ್ ಹಿಡ್ಕೊಂಡು ಕೂರ್ತೀವಿ. ಕೂಳೆ ಬಿಡೋದಾ ಕಿತ್ತು ಹೊಸ ನಾಟಿ ಮಾಡೋದಾ, ಎಷ್ಟು ಗೊಬ್ಬರ, ಯಾವ ಸಾಲಕ್ಕೆ ಎಷ್ಟು ಅಂತ ವರ್ಷದ್ದೆಲ್ಲ ಆಗಲೇ ಬರೆಯೋದು. ಆಮೇಲೆ ತಲೆ ಕೆಟ್ಟ ತಿಂಗಳಲ್ಲಿ ಬರೆದಿದ್ದನ್ನ ನೋಡಿ ಮಾಡೋದಷ್ಟೇ. ಔಷಧಿ ಅಳತೆ ಪಂಪಿನ ಮೇಲೇ ಪೇಂಟಲ್ಲಿ ಬರೆದಿದೀವಿ. ‘ಇವತ್ತೇ ಹೇಳು’ ಅಂದೋರಿಗೆಲ್ಲ ‘ನಾಳೆ ಬಾರಪ್ಪ, ಅವಳನ್ನ ಕೇಳ್ಬೇಕು’ ಅನ್ನೋದು. ಅವಳನ್ನ ಕೇಳೋದೂ ನಿಜವೇ.

ಈ ವರ್ಷ ನಮ್ಮದಕ್ಕೆ ಇನ್ನೂ ಪರ್ಮಿಟ್ ಆಗಿಲ್ಲ. ಇನ್ನೊಂದು ಬೋರ್ ಕೊರೆಸೋಣ ಅಂತ ಮಗ ದಿನಾ ಕೇಳ್ತಾವ್ನೆ. ಬಿಲ್ ಬರಲಿ ಮಗ, ಆಮೇಲೆ ಕೂತು ಮಾತಾಡೋಣ ಅಂದಿದೀನಿ.