ಎರಡು ಬಿಳಿ ಕ್ಯಾನುಗಳು

ಸಾಗರದ ಕಡೆಯ ಒಂದು ತೋಟದ ಮನೆ. ಪಿಯುಸಿ ಓದುವ ಹುಡುಗ ಶನಿವಾರ ಊರಿಗೆ ಬಂದಾಗ ಅಪ್ಪ ಅಡಿಕೆ ಮಂಡಿಗೆ ಹೋಗಿದ್ದರು. ತೋಟದಲ್ಲಿ ಕಳೆ ಮೊಣಕಾಲುದ್ದ ಬೆಳೆದಿತ್ತು. ಅಪ್ಪ ಬರುವುದರೊಳಗೆ ಅರ್ಧವಾದರೂ ಹೊಡೆದು ಮುಗಿಸಬೇಕೆಂದು ಹುಡುಗ ಕಳೆ ಹೊಡೆಯುವ ಮಿಷನ್ ಹೊರಗೆ ತೆಗೆದ. ಕೊಟ್ಟಿಗೆ ಮೂಲೆಯಲ್ಲಿ ಎರಡು ಕ್ಯಾನು. ಎರಡೂ ಬಿಳಿ, ಎರಡಕ್ಕೂ ಅದೇ ವಾಸನೆ. ಮುಂದಿದ್ದುದನ್ನು ಎತ್ತಿ ಟ್ಯಾಂಕಿಗೆ ಸುರಿದ. ಅದು ಬೈಕಿಗೆಂದು ಇಟ್ಟ ಬರೀ ಪೆಟ್ರೋಲು.

ಸ್ವಲ್ಪ ಹೊತ್ತು ಮಿಷನ್ ಚೆನ್ನಾಗಿಯೇ ಓಡಿತು. ಆಮೇಲೆ ಸದ್ದು ಕೀರಲಾಯಿತು, ಜೋರು ಇಳಿಯಿತು, ನಿಂತೇ ಹೋಯಿತು. ಹಗ್ಗ ಎಳೆದರೆ ಬಿಗಿ.

ಟೂ ಸ್ಟ್ರೋಕ್ ಸ್ಕೂಟರ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪೆಟ್ರೋಲಿನ ಜೊತೆಗೇ ಎಣ್ಣೆ ಹಾಕಿಸುವುದು ಅವರಿಗೆ ರೂಢಿ. ಆ ಎಂಜಿನ್ನಿನ ತಳದಲ್ಲಿ ಬೇರೆ ಎಣ್ಣೆ ನಿಂತಿರುವುದಿಲ್ಲ. ಪೆಟ್ರೋಲಿನೊಂದಿಗೆ ಬರುವ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಆಧಾರ. ಅದಿಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ. ಫೋರ್ ಸ್ಟ್ರೋಕ್ ಬೈಕುಗಳನ್ನಷ್ಟೇ ಕಂಡ ಮಕ್ಕಳಿಗೆ ಇದು ಹೇಗೆ ತಿಳಿಯಬೇಕು?

ಹುಡುಗನಿಗೆ ತಪ್ಪು ಹೊಳೆದದ್ದು ಸಂಜೆ, ಇನ್ನೊಂದು ಕ್ಯಾನಿನಲ್ಲಿ ಬಣ್ಣ ಕಂಡಾಗ. ಅಪ್ಪನಿಗೆ ತಿಳಿಯುವ ಮೊದಲೇ ಸರಿಮಾಡಿಬಿಡುವ ಆತುರ. ಮಳೆಯೆಂದು ಮಿಷನ್ನನ್ನು ಬಚ್ಚಲ ಜಗಲಿಗೆ ತಂದು, ಟ್ಯಾಂಕಿಗೆ ಪೈಪು ಇಳಿಸಿ, ಇನ್ನೊಂದು ತುದಿಯನ್ನು ಬಾಯಿಗಿಟ್ಟುಕೊಂಡ. ನಾಲ್ಕು ಮಾರು ದೂರದಲ್ಲಿ ನೀರೊಲೆ ಉರಿಯುತ್ತಿತ್ತು.

“ಪೈಪು ಬಿಡು. ಮಿಷನ್ ಅಲ್ಲೇ ಇರಲಿ, ಹೊರಗೆ ಬಾ,” ಎಂದಿತು ಹಿಂದಿನಿಂದ ಅಪ್ಪನ ದನಿ.

ಅಪ್ಪ ಟ್ಯಾಂಕಿನ ಮುಚ್ಚಳ ಬಿಗಿದು, ಮಿಷನ್ನನ್ನು ಅಂಗಳಕ್ಕೆ ಒಯ್ದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕಣ್ಣಿಗೆ ಕಾಣದೆ ನೆಲ ಹಿಡಿದು ಒಲೆಯವರೆಗೂ ಹರಿಯುತ್ತದೆ.

“ಬಾಯಿಗೆ ಹೋಯಿತೇನೋ?”

“ಇಲ್ಲಪ್ಪ.”

“ಹೋಗಿದ್ದರೆ ಈಗಲೇ ಆಸ್ಪತ್ರೆಗೆ ಓಡಬೇಕಿತ್ತು. ವಾಂತಿ ಮಾಡಿಸಲೂ ಬಾರದು, ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು.”

ಬೈಗುಳಕ್ಕೆ ಸಿದ್ಧನಾಗಿ ನಿಂತ ಹುಡುಗನಿಗೆ ಆ ರಾತ್ರಿ ಬೈಗುಳ ಸಿಗಲಿಲ್ಲ. ಅದೇ ಹೆಚ್ಚು ಸಂಕಟವಾಯಿತು.

ಮರುದಿನ ಬೆಳಿಗ್ಗೆ ಬಯಲಲ್ಲಿ ಕೆಲಸ. ಎಂಜಿನ್ ತಣ್ಣಗಿತ್ತು. ಅಪ್ಪ ಮೊದಲು ಪ್ಲಗ್ಗಿನ ಟೋಪಿ ಕಿತ್ತರು. ಟ್ಯಾಂಕನ್ನು ಬಗ್ಗಿಸಿ ಆಲಿಕೆಯ ಮೂಲಕ ಪೆಟ್ರೋಲನ್ನು ಖಾಲಿ ಕ್ಯಾನಿಗೆ ಇಳಿಸಿದರು. ಕಾರ್ಬುರೇಟರ್ ಪಕ್ಕದ ರಬ್ಬರ್ ಗುಳ್ಳೆಯನ್ನು ಗಾಳಿ ಮಾತ್ರ ಬರುವ ತನಕ ಒತ್ತಿಸಿದರು. ಪ್ಲಗ್ ಬಿಚ್ಚಿ, ಆ ತೂತಿಗೆ ಕೆಲವು ಹನಿ ಟೂಟಿ ಎಣ್ಣೆ ಬಿಟ್ಟು, “ಮೆಲ್ಲಗೆ ಎಳಿ” ಎಂದರು. ಹಗ್ಗ ಬಂತು. ಸೈಲೆನ್ಸರ್ ಬಿಚ್ಚಿ ಇಣುಕಿದರೆ ಪಿಸ್ಟನ್ ಮೇಲೆ ಸಣ್ಣ ಗೆರೆಗಳಷ್ಟೆ. ಟ್ಯಾಂಕಿನ ತಳದಲ್ಲಿ ಉಳಿದಿದ್ದ ಹಳೆಯ ಮಿಶ್ರಣ ಕಾಪಾಡಿತ್ತು. ಗೆರೆ ಆಳವಿದ್ದರೆ ಹಟ ಹಿಡಿದು ಎಳೆಯದೆ ಮೆಕ್ಯಾನಿಕ್‌ಗೆ ಕೊಡಬೇಕಿತ್ತು.

ಆ ಮಿಷನ್ನಿನ ಪುಸ್ತಕದಲ್ಲಿ 50ಕ್ಕೆ 1 ಎಂದಿತ್ತು, ಅಂದರೆ ಲೀಟರಿಗೆ 20 ಮಿ.ಲೀ. ಕೆಲವಕ್ಕೆ 25ಕ್ಕೆ 1, ಕಣ್ಣಂದಾಜು ನಡೆಯದು. ಇಳಿಸಿದ ಪೆಟ್ರೋಲನ್ನು ಚೆಲ್ಲದೆ ಅಳೆದು, ಎಣ್ಣೆ ಬೆರೆಸಿದರು. ಮಿಷನ್ ಕೆಮ್ಮಿ, ಬಿಳಿ ಹೊಗೆ ಕಾರಿ, ಹೊರಟಿತು.

“ತಿರುಗಾಮುರುಗಾ ಆಗಿ ಬೈಕಿಗೆ ಎಣ್ಣೆಯ ಪೆಟ್ರೋಲು ಹಾಕಿದ್ದರೆ?” ಎಂದ ಹುಡುಗ.

“ಹೊಗೆ ಬರುತ್ತೆ, ಪ್ಲಗ್ ಕಪ್ಪಾಗುತ್ತೆ. ಇಳಿಸಿ ಬೇರೆ ಹಾಕಿದರಾಯಿತು. ನಿನ್ನೆಯದು ಹಾಗಲ್ಲ.”

ಸ್ವಲ್ಪ ತಡೆದು ಅಪ್ಪ ಅಂದರು: “ಎರಡೂ ಒಂದೇ ಥರದ ಕ್ಯಾನು ಇಟ್ಟವನು ನಾನು.”

ಒಳಗಿನಿಂದ ಕೆಂಪು ಪೇಂಟ್ ಡಬ್ಬಿ, ಬ್ರಷ್ ತಂದು ಮಗನ ಕೈಗಿತ್ತರು. ಅಕ್ಷರ ಅವನದೇ ಚೆನ್ನ.