ಇಕಾಮದಲ್ಲಿ ಇಲ್ಲದ ಕಸುಬು

ನಿಮ್ಮ ಮನೆಯವರು ಯಾರಾದರೂ ಸೌದಿಯಲ್ಲಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಅವರ ಇಕಾಮದ ಫೋಟೋ ತರಿಸಿಕೊಂಡು, ಅದರಲ್ಲಿ ‘ಮಿಹ್ನ’ ಎಂಬ ಪದದ ಎದುರು ಏನು ಬರೆದಿದೆ ಎಂದು ನೋಡಿ. ಮಿಹ್ನ ಎಂದರೆ ಕಸುಬು. ನಿಮಗೆ ಓದಲು ತಡವರಿಸಿದರೆ ಮದ್ರಸಕ್ಕೆ ಹೋಗುವ ಮಗಳನ್ನು ಕರೆಯಿರಿ, ಅವಳು ಓದುತ್ತಾಳೆ.

ನನ್ನ ತಮ್ಮನ ಇಕಾಮವನ್ನು ನಾನು ಓದಿದ್ದು ಅವನು ಹದಿನೆಂಟು ವರ್ಷ ದಮ್ಮಾಮಿನಲ್ಲಿ ದುಡಿದು, ಎಲ್ಲ ಮುಗಿಸಿ ಊರಿಗೆ ಬಂದ ಮೇಲೆ. ಅವನ ಕೈಯಲ್ಲಿದ್ದುದು ಮಾಸಿದ ಒಂದು ನಕಲು ಪ್ರತಿ. ಅವನು ಅಲ್ಲಿ ಮಾಡಿದ್ದು ಟೈಲ್ಸ್ ಕೆಲಸ. ಅರಬಿಯಲ್ಲಿ ನೆಲಕ್ಕೆ ಹಾಸುವ ಬಿಲ್ಲೆಗೆ ಬಲಾತ್ ಎನ್ನುತ್ತಾರೆ, ಅದನ್ನು ಹಾಸುವವನು ಮುಬಲ್ಲಿತ್. ಆದರೆ ಆ ಕಾಗದದಲ್ಲಿ ಇದ್ದ ಪದ ‘ಆಮಿಲ್’.

“ಹಾಗೆಂದರೆ ಏನು ಅಕ್ಕಾ?” ಎಂದು ಕೇಳಿದ.

“ಕೂಲಿಯಾಳು” ಎಂದೆ.

ಅವನು ನಕ್ಕ. ಆಮೇಲೆ ಆ ರಾತ್ರಿ ಊಟಕ್ಕೆ ಕುಳಿತಾಗಲೂ ಮಾತಾಡಲಿಲ್ಲ.

2002ರಲ್ಲಿ ಅವನು ಹೋದದ್ದು ಯಾರೋ ಏಜೆಂಟ್ ಕೊಡಿಸಿದ ವೀಸಾದಲ್ಲಿ. ಅದರಲ್ಲಿ ಯಾವ ಕಸುಬು ಬರೆದಿದೆ ಎಂದು ಯಾರು ಕೇಳುತ್ತಿದ್ದರು? ವೀಸಾ ಸಿಕ್ಕಿತಲ್ಲ ಎಂದು ಉಮ್ಮ ನೆರೆಮನೆಗೆಲ್ಲ ಸಕ್ಕರೆ ಹಂಚಿದ್ದರು. ಅಲ್ಲಿಗೆ ಹೋದ ಮೇಲೆ ಒಬ್ಬ ಮಿಸ್ರಿ ಮೇಸ್ತ್ರಿಯ ಕೈಕೆಳಗೆ ಸಿಮೆಂಟ್ ಕಲಸಿದ, ಟೈಲ್ಸ್ ಹೊತ್ತ, ಕತ್ತರಿಸಿದ, ನಾಲ್ಕನೇ ವರ್ಷಕ್ಕೆ ಸ್ವತಃ ಹಾಸತೊಡಗಿದ. ಮಸೀದಿಗಳ ವುಝೂ ಕೋಣೆ, ಆಸ್ಪತ್ರೆ, ವಿಲ್ಲಾ ಎಂದು ಎಷ್ಟು ನೆಲ ಹಾಸಿದನೋ ಲೆಕ್ಕವಿಲ್ಲ. ಕಾಗದದಲ್ಲಿ ಮಾತ್ರ ಕೊನೆಯವರೆಗೂ ಕೂಲಿಯಾಳು.

ಕೊರೋನಾ ವರ್ಷ ನಿಮಗೆ ನೆನಪಿರಬಹುದು. ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಬಂದದ್ದು 2020ರ ಮೇ 12ರಂದು. ತಮ್ಮ ಬಂದದ್ದು ಅದಾಗಿ ಕೆಲವು ವಾರಗಳ ನಂತರ. ಹಾಗೆ ಮರಳಿದವರ ಕೌಶಲದ ಮಾಹಿತಿ ಸಂಗ್ರಹಿಸಲು ಆ ಜೂನ್‌ನಲ್ಲಿ ಕೇಂದ್ರ ಸರಕಾರ ‘ಸ್ವದೇಸ್’ ಎಂಬ ಹೆಸರಿನಲ್ಲಿ ಒಂದು ಅರ್ಜಿ ಹೊರಡಿಸಿತ್ತು. ನಾನೇ ಮೊಬೈಲಿನಲ್ಲಿ ತುಂಬಿಸಿದೆ. ಕೆಲಸ ಯಾವುದು, ಅನುಭವ ಎಷ್ಟು ವರ್ಷ ಎಂಬ ಕಾಲಂ ಬಂದಾಗ ತಮ್ಮ ಹತ್ತಿರ ಬಂದು ಕುಳಿತ. “ಹದಿನೆಂಟು ಹಾಕು ಅಕ್ಕಾ” ಎಂದ. ಅವನ ಕಸುಬನ್ನು ಒಂದು ಕಾಗದ ಕೇಳಿದ್ದು ಅದೇ ಮೊದಲು.

ಊರಿನಲ್ಲಿ ಕೆಲಸ ಸುಲಭವಾಗಿ ಸಿಗುತ್ತದೆ ಎಂದು ನಾವು ಎಣಿಸಿದ್ದೆವು. ಪುತ್ತೂರಿನಿಂದ ಕಡಬ, ಸುಳ್ಯದವರೆಗೆ ಎಲ್ಲಿ ನೋಡಿದರೂ ಹೊಸ ಮನೆಗಳು ಏಳುತ್ತಿವೆ. ನಮ್ಮ ಬಾಲ್ಯದಲ್ಲಿ ಹಂಚು ಎಂದರೆ ತಲೆಯ ಮೇಲಿರುವುದು, ಕಾಲ ಕೆಳಗೆ ಸೆಗಣಿ ಸಾರಿಸಿದ ನೆಲ ಅಥವಾ ಕಾವಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದು ಊರಿಡೀ ಮಾಡು ಕೆಂಪಾಗಿಸಿದರು. ಈಗ ಮಾಡಿನಿಂದ ಹಂಚು ಇಳಿದಿದೆ, ನೆಲಕ್ಕೆ ಟೈಲ್ಸ್ ಬಂದಿದೆ. ಒರೆಸುವ ಕೆಲಸ ನಮಗೇ ಉಳಿದಿದೆ ಎನ್ನಿ!

ಆದರೆ ಇಲ್ಲಿ ತಮ್ಮ ಹೊಸಬ. ಅವನಿಗೆ ಚದರ ಮೀಟರಿನ ಲೆಕ್ಕ ಬಾಯಿಪಾಠ, ಇಲ್ಲಿ ಚದರ ಅಡಿ. ಅಲ್ಲಿ ಬಿಸಿಲಿಗೆ ಕಲಸಿದ್ದು ಕಣ್ಣೆದುರೇ ಒಣಗುತ್ತಿತ್ತು, ಇಲ್ಲಿ ಆಟಿ ತಿಂಗಳಲ್ಲಿ ಮೂರು ದಿನವಾದರೂ ಹಸಿ. ಪರಿಚಯದ ಮೇಸ್ತ್ರಿಗಳಿಲ್ಲ, ಅಂಗಡಿಯವರ ಗುರುತಿಲ್ಲ. ಮೊದಲು ಸಿಕ್ಕಿದ್ದು ಸುಳ್ಯದ ಕಡೆಯ ಒಂದು ಮನೆ. ಜೋರು ಮಳೆಗಾಲ. ಮನೆಯವರು ವಿಟ್ರಿಫೈಡ್ ಟೈಲ್ಸ್ ತಂದಿದ್ದರು, ಗಮ್ ತಂದಿರಲಿಲ್ಲ. “ನಮ್ಮಲ್ಲಿ ಎಲ್ಲರೂ ಸಿಮೆಂಟ್ ಹಾಲಿನಲ್ಲೇ ಕೂರಿಸುವುದು, ಅದಕ್ಕೆ ಬೇರೆ ಖರ್ಚು ಯಾಕೆ?” ಎಂದರು. ಇವನಿಗೆ ಗೊತ್ತಿತ್ತು, ಆದರೂ ಹೊಸಬನಲ್ಲವೇ, ವಾದಿಸಲಿಲ್ಲ.

ಸಹೋದರಿಯರೇ, ನೀವೂ ಮನೆ ಕಟ್ಟುವವರಾದರೆ ಇದನ್ನು ತಿಳಿದಿರಿ. ಗೋಡೆಗೆ ಹಾಕುವ ಸಾಧಾರಣ ಸೆರಾಮಿಕ್ ಟೈಲ್ಸ್ ನೀರು ಕುಡಿಯುತ್ತದೆ. ಆದ್ದರಿಂದಲೇ ಅದನ್ನು ನೆನೆಹಾಕಿ ಕೂರಿಸುತ್ತಾರೆ, ಸಿಮೆಂಟ್ ಅದನ್ನು ಹಿಡಿದುಕೊಳ್ಳುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತೂಕದ ಶೇಕಡಾ 0.5ಕ್ಕಿಂತ ಹೆಚ್ಚಿಲ್ಲ. ಬರೀ ಸಿಮೆಂಟ್ ಅದರ ಬೆನ್ನಿಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ಟೈಲ್ಸ್ ಗಮ್ಮೇ ಬೇಕು. ಚೀಲದ ಮೇಲೆ ಐಎಸ್ 15477 ಎಂಬ ಗುರುತು ಇದೆಯೇ ನೋಡಿ. ಗಮ್ಮನ್ನು ನಾಲ್ಕು ಮೂಲೆಗೆ ನಾಲ್ಕು ಉಂಡೆಯಾಗಿ ಇಟ್ಟು ಒತ್ತುವುದಲ್ಲ, ಹಲ್ಲಿನ ಕರಣೆಯಿಂದ ಗೆರೆ ಬರುವಂತೆ ಪೂರ್ತಿ ಎಳೆಯಬೇಕು. ಇಲ್ಲದಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳಿರುವಲ್ಲಿ ಶಬ್ದವೇ ಬೇರೆ.

ಆ ಮನೆಯಲ್ಲಿ ಆರು ತಿಂಗಳೊಳಗೆ ಹಜಾರದ ನೆಲ ಅಲ್ಲಲ್ಲಿ ಎದ್ದಿತು. “ಗಲ್ಫ್‌ನವ ಅಂತೆ!” ಎಂದು ಅಲ್ಲಿ ಯಾರೋ ನಕ್ಕದ್ದು ಅವನ ಕಿವಿಗೂ ಬಿತ್ತು. ಅವನು ಹೋಗಿ, ಸ್ವಂತ ಹಣದಿಂದ ಗಮ್ ತಂದು, ಕೂಲಿ ಪಡೆಯದೆ ಮತ್ತೆ ಹಾಸಿಕೊಟ್ಟ. ತಮ್ಮನ ಹೆಂಡತಿಯ ಒಂದು ಬಳೆ ಆ ತಿಂಗಳು ಬ್ಯಾಂಕಿಗೆ ಹೋಯಿತು. ಅವಳು ಇಂದಿಗೂ ಅದರ ಬಗ್ಗೆ ಚಕಾರವೆತ್ತಿಲ್ಲ, ನಾನೇ ಬರೆಯುತ್ತಿದ್ದೇನೆ.

ಅನಂತರ ಕಾಗದದ ಹುಡುಕಾಟ ಶುರುವಾಯಿತು. ದೊಡ್ಡ ಕಟ್ಟಡದ ಗುತ್ತಿಗೆದಾರರೊಬ್ಬರು ಸರ್ಟಿಫಿಕೇಟ್ ಕೇಳಿದರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸೋಣವೆಂದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕೆಂದು 1996ರ ಕಾನೂನೇ ಹೇಳುತ್ತಿತ್ತು. ಹದಿನೆಂಟು ವರ್ಷ ದುಡಿದವನು ಊರಿನಲ್ಲಿ ತೊಂಬತ್ತು ದಿನ ಎಣಿಸುತ್ತಾ ಕುಳಿತ.

ಈ ಸಂಕಟ ನನಗೆ ಹೊಸದಾಗಿರಲಿಲ್ಲ. ಮದ್ರಸದಲ್ಲಿ ವರ್ಷಗಟ್ಟಲೆ ಕಲಿತು, ಅರಬಿ ವ್ಯಾಕರಣ ಪಾಠ ಮಾಡುತ್ತಿದ್ದ ನಾನು ಒಂದು ಶಾಲೆಯಲ್ಲಿ ಕೆಲಸ ಕೇಳಲು ಹೋದಾಗ, “ಇದಲ್ಲದೆ ಬೇರೆ ಓದಿದ್ದೀರಾ?” ಎಂದು ಕೇಳಿದ್ದರು. ಮೂವತ್ತಾರನೇ ವಯಸ್ಸಿನಲ್ಲಿ ಮಕ್ಕಳು ಮಲಗಿದ ಮೇಲೆ ಓದಿ ಬಿ.ಎ. ಮಾಡಿದೆ. ಅದಕ್ಕಾಗಿಯೇ ತಮ್ಮನ ಬೆನ್ನುಬಿದ್ದೆ.

2015ರ ಜುಲೈಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಅದಕ್ಕೆ ಆರ್‌ಪಿಎಲ್ ಎನ್ನುತ್ತಾರೆ. ಕಟ್ಟಡ ಕೆಲಸಗಳಿಗೆ ಕನ್‌ಸ್ಟ್ರಕ್ಷನ್ ಸ್ಕಿಲ್ ಡೆವಲಪ್‌ಮೆಂಟ್ ಕೌನ್ಸಿಲ್ ಆಫ್ ಇಂಡಿಯಾ ಎಂಬ ಸಂಸ್ಥೆಯಿದೆ, ಅದರ ಪಟ್ಟಿಯಲ್ಲಿ ‘ಮೇಸನ್ ಟೈಲಿಂಗ್’ ಎಂಬ ಕಸುಬು ಪ್ರತ್ಯೇಕವಾಗಿಯೇ ಇದೆ. ವರ್ಷಗಟ್ಟಲೆ ತರಗತಿಯಲ್ಲಿ ಕೂರಬೇಕಾಗಿಲ್ಲ. ನನಗೆ ತಕ್ಷಣ ನಮ್ಮ ಇಜಾಝತ್ ನೆನಪಾಯಿತು. ನೀವು ಎಲ್ಲಿ ಕಲಿತಿರಿ ಎಂಬುದಕ್ಕಿಂತ ಹೆಚ್ಚಾಗಿ, ಉಸ್ತಾದರು ಎದುರು ಕೂರಿಸಿ ಓದಿಸಿ, ಕಿವಿಯಾರೆ ಕೇಳಿ, ಒಪ್ಪಿದರೆ ಅನುಮತಿ ಕೊಡುವ ಪದ್ಧತಿ ಅದಲ್ಲವೇ?

ತಮ್ಮ ಒಪ್ಪಲಿಲ್ಲ. “ನಲ್ವತ್ತನಾಲ್ಕು ವರ್ಷಕ್ಕೆ ನಾನು ಪರೀಕ್ಷೆ ಬರೆಯಬೇಕಾ?” ಎಂದು ಸಿಟ್ಟಾದ. ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಪರೀಕ್ಷೆ ಎಂಬ ಪದವೇ ಭಯ ಎಂದು ನನಗೆ ಅರ್ಥವಾದದ್ದು ತಡವಾಗಿ. ಮಗ್ರಿಬ್ ಆದ ಮೇಲೆ ನನ್ನ ಮನೆಗೆ ಬರಲು ಹೇಳಿದೆ. ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ, ಅದರ ಹೆಸರುಗಳು ಮಾತ್ರ ಗೊತ್ತಿರಲಿಲ್ಲ. ಬಚ್ಚಲಿನ ಇಳಿಜಾರು ಎಷ್ಟಿರಬೇಕು ಎಂದು ಕೇಳಿದರೆ ಕೈಯಲ್ಲಿ ತೋರಿಸುತ್ತಿದ್ದ. ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಎಂದು ಬಾಯಲ್ಲಿ ಹೇಳಲು ಎರಡು ಸಂಜೆ ಬೇಕಾಯಿತು.

ಪುತ್ತೂರಿನಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲೇ ಪರೀಕ್ಷೆ ನಡೆಯಿತು. ಪರೀಕ್ಷಕ ನನ್ನ ಮಗನ ಪ್ರಾಯದ ಹುಡುಗ. ಇವನು ಮಟ್ಟ ನೋಡಿ, ನೂಲು ಹಿಡಿದು, ಮೂಲೆಯ ಒಂದು ತುಂಡನ್ನು ಕತ್ತರಿಸಿ ಕೂರಿಸಿದ. ಆ ಹುಡುಗ ಬಾಗಿ, ನಾಣ್ಯದಿಂದ ಒಂದೊಂದನ್ನೇ ತಟ್ಟಿ ನೋಡಿ, “ಎಲ್ಲಿ ಕಲಿತಿರಿ ಕಾಕಾ?” ಎಂದು ಕೇಳಿದನಂತೆ. ತಮ್ಮ ಸೋತದ್ದು ಸುರಕ್ಷತೆಯ ಪ್ರಶ್ನೆಗಳಲ್ಲಿ. ಕತ್ತರಿಸುವಾಗ ಕನ್ನಡಕ, ಮಾಸ್ಕ್ ಯಾಕೆ ಎಂಬುದಕ್ಕೆ ಸರಿಯಾಗಿ ಉತ್ತರಿಸಲಿಲ್ಲ. ಆ ಧೂಳನ್ನು ಹದಿನೆಂಟು ವರ್ಷ ಮುಂಡಾಸಿನ ಬಟ್ಟೆ ಕಟ್ಟಿ ಕುಡಿದವನು ಏನೆಂದು ಉತ್ತರಿಸಿಯಾನು? ಅಂತೂ ಪಾಸಾದ.

ಅದರಿಂದ ಬದುಕು ಬದಲಾಯಿತು ಎಂದು ನಾನು ಬರೆಯಲಾರೆ. ಮನೆ ಕಟ್ಟುವವರು ಇಂದಿಗೂ ಪ್ರಮಾಣಪತ್ರ ಕೇಳುವುದಿಲ್ಲ, ದರವನ್ನೇ ಕೇಳುತ್ತಾರೆ. ಆದರೆ ಆ ಗುತ್ತಿಗೆದಾರರ ಕೆಲಸ ಸಿಕ್ಕಿತು, ಬಳೆಯೂ ಬಿಡಿಸಿಕೊಂಡು ಬಂತು.

ಕೆನಡಾದಲ್ಲಿ ಟೈಲ್ಸ್ ಕೆಲಸದವನಿಗೂ ‘ರೆಡ್ ಸೀಲ್’ ಎಂಬ ಮುದ್ರೆಯಿದೆ. ಹೊರದೇಶದಲ್ಲಿ ದುಡಿದು ಹೋದವರು ಹಳೆಯ ಮಾಲೀಕರ ಪತ್ರಗಳಿಂದ ಅನುಭವ ತೋರಿಸಿ, ಪರೀಕ್ಷೆಯಲ್ಲಿ ಶೇಕಡಾ 70 ಅಂಕ ಪಡೆದರೆ ಅದು ಸಿಗುತ್ತದೆ. ಇದನ್ನು ಕೇಳಿ ತಮ್ಮ, “ಪತ್ರ ಕೊಡುವವರು ಯಾರು?” ಎಂದ. ಕೇಳಬೇಕಿತ್ತು. ಸೌದಿಯ ಕಾರ್ಮಿಕ ಕಾನೂನಿನ 64ನೇ ಕಲಮಿನ ಪ್ರಕಾರ, ಕೆಲಸ ಬಿಡುವಾಗ ನೌಕರ ಕೇಳಿದರೆ ಸೇರಿದ ದಿನ, ಬಿಟ್ಟ ದಿನ, ಕಸುಬು, ಕೊನೆಯ ಸಂಬಳ ನಮೂದಿಸಿದ ಪತ್ರವನ್ನು ಮಾಲೀಕ ಪುಕ್ಕಟೆಯಾಗಿ ಕೊಡಬೇಕು. ನಮ್ಮ ಗಂಡಸರು ಬರುವಾಗ ಕಂಬಳಿ, ಟ್ಯಾಂಗ್, ಅತ್ತರು ತರುತ್ತಾರೆ. ಈ ಒಂದು ಕಾಗದವನ್ನೂ ತರಲು ನೀವು ಫೋನಿನಲ್ಲಿ ಹೇಳಿ.

ಕಳೆದ ತಿಂಗಳು ತಮ್ಮ ಒಂದು ಬಿಳಿ ಹಾಳೆ ಹಿಡಿದು ಬಂದ. ಅವನ ಜೊತೆ ಕೆಲಸ ಮಾಡುತ್ತಿದ್ದ ಕಡಬದ ಹುಡುಗನೊಬ್ಬ ದುಬೈಗೆ ಹೊರಟಿದ್ದಾನಂತೆ. ಎರಡು ವರ್ಷ ಎರಡು ತಿಂಗಳು ನನ್ನಲ್ಲಿದ್ದ ಎಂದು ಇಂಗ್ಲಿಷಿನಲ್ಲಿ ಬರೆದುಕೊಡು ಎಂದ. ನಾನು ಪೆನ್ನು ತೆಗೆದುಕೊಂಡೆ.

“ಹೆಲ್ಪರ್ ಎಂದು ಹಾಕಬೇಡ ಅಕ್ಕಾ, ಟೈಲ್ಸ್ ಮೇಸ್ತ್ರಿ ಎಂದೇ ಹಾಕು. ಮೂಲೆ ಕೂರಿಸಲು ಅವನಿಗೆ ಬರುತ್ತದೆ, ನಾನು ತಟ್ಟಿ ನೋಡಿದ್ದೇನೆ.”