ಒಂದಕ್ಷರದ ಪಲ್ಲಟ

ಜತ್ತ ತಾಲೂಕಿನ ಮನೆಗಳಲ್ಲಿ ಕನ್ನಡದ ‘ಸಕ್ಕರೆ’ಯೂ ಮರಾಠಿಯ ‘ಸಾಖರ’ವೂ ಒಂದೇ ಡಬ್ಬಿಯಲ್ಲಿರುತ್ತವೆ. ಸಂಸ್ಕೃತದ ‘ಶರ್ಕರಾ’ ಅಕ್ಷರ ಬದಲಿಸಿಕೊಂಡು ಎರಡು ನುಡಿಗಳಿಗೆ ಇಳಿದರೂ ಸಿಹಿ ಕೆಡಲಿಲ್ಲ. ಆದರೆ ‘ಹಣ’ದ ಮೊದಲಕ್ಷರಕ್ಕೆ ಎತ್ವವೊಂದು ಸೇರಿದರೆ ಸಾಕು, ‘ಹೆಣ’ವಾಗುತ್ತದೆ. ಯಾವ ಪಲ್ಲಟ ನಿರುಪದ್ರವಿ, ಯಾವುದು ಘಾತಕ ಎಂಬ ಪ್ರಶ್ನೆ ಈ ತಾಲೂಕಿನ ನಿವೃತ್ತ ಕನ್ನಡ ಶಿಕ್ಷಕರೊಬ್ಬರ ಮನೆಗೆ ರಕ್ತಪರೀಕ್ಷೆಯ ವರದಿಯಾಗಿ ಬಂದಿತು.

ಇಪ್ಪತ್ತೆರಡರ ಮಗಳು ಜೀವವಿಜ್ಞಾನದ ವಿದ್ಯಾರ್ಥಿನಿ. ಹಸಿದ ಹೊಟ್ಟೆಯ ಸಕ್ಕರೆ ಹಲವು ವರ್ಷಗಳಿಂದ ತುಸುವೇ ಹೆಚ್ಚು; ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ. ಮಾತ್ರೆ ಆರಂಭವಾಗಿತ್ತು, ಮದುವೆಯ ಮಾತೊಂದು ಅದೇ ಕಾರಣಕ್ಕೆ ನಿಂತಿತ್ತು. ವಂಶವಾಹಿ ಪರೀಕ್ಷೆಯಲ್ಲಿ ಗ್ಲೂಕೋಕೈನೇಸ್ ಎಂಬ ಕಿಣ್ವದಲ್ಲಿ ಒಂದು ಬದಲಾವಣೆ ಕಂಡಿತು. ಅದರ ಮುಂದೆ ಬರೆದದ್ದು: ‘ಪರಿಣಾಮ ಅನಿಶ್ಚಿತ’.

ಈ ಕಿಣ್ವ 465 ಅಮೈನೋ ಆಮ್ಲಗಳ ಸರಪಳಿ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಮೇದೋಜ್ಜೀರಕ ಗ್ರಂಥಿ ಅರಿಯುವುದು ಇದರ ಮೂಲಕ. ಇದರ ದೋಷಕ್ಕೂ ವಂಶಪಾರಂಪರ್ಯ ಮಧುಮೇಹಕ್ಕೂ ಇರುವ ನಂಟು 1992ರಲ್ಲಿ ತಿಳಿಯಿತು. ತಾಯಿ ಅಥವಾ ತಂದೆಯಿಂದ ಬಂದ ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಸಕ್ಕರೆ ಜೀವನಪರ್ಯಂತ ತುಸು ಏರಿರುತ್ತದೆ. ಸಾಮಾನ್ಯವಾಗಿ ಔಷಧ ಬೇಕಿಲ್ಲ. ಆದ್ದರಿಂದ ಆ ಒಂದಕ್ಷರದ ನಿರ್ಣಯವೆಂದರೆ ಮಾತ್ರೆಯ ನಿರ್ಣಯವೇ.

ಮಗಳು ಗಣಕದ ಮುಂದೆ ಕುಳಿತಳು. 2001ರ ಸಿಫ್ಟ್ ಬೇರೆ ಬೇರೆ ಜೀವಿಗಳ ಸರಪಳಿಗಳನ್ನು ಹೋಲಿಸಿ, ಎಲ್ಲೆಡೆ ಬದಲಾಗದೆ ಉಳಿದ ಸ್ಥಾನ ಕೆಟ್ಟರೆ ಹಾನಿ ಎನ್ನುತ್ತದೆ, ಅಂಕ 0.05ಕ್ಕಿಂತ ಕಡಿಮೆಯಿದ್ದರೆ ಅದು ದೋಷ. 2010ರ ಪಾಲಿಫೆನ್-2 ಕಿಣ್ವದ ಆಕಾರವನ್ನೂ ಗಮನಿಸುತ್ತದೆ. 2023ರ ಆಲ್ಫಾಮಿಸೆನ್ಸ್ ಕೃತಕ ಬುದ್ಧಿಮತ್ತೆಯ ಫಲ. ಮೊದಲನೆಯದು ಹಾನಿಯೆಂದಿತು, ಎರಡನೆಯದು ಇಲ್ಲವೆಂದಿತು, ಮೂರನೆಯದು ಸಂದಿಗ್ಧವೆಂದಿತು.

“ಇದು ನಮ್ಮ ಪಾಠಾಂತರದ ಕೆಲಸಾನೇ ಅಲ್ಲೇನವ್ವಾ?” ಎಂದರು ತಂದೆ. ಗ್ರಂಥಸಂಪಾದನೆಯ ಪಾಠ ಅವರಿಗೆ ನೆನಪಿತ್ತು. ಹತ್ತು ಓಲೆಪ್ರತಿಗಳು ಒಂದೇ ಪಾಠ ಕೊಟ್ಟರೂ, ಹತ್ತೂ ಒಂದೇ ಮಾತೃಕೆಯಿಂದ ನಕಲಾಗಿದ್ದರೆ ಸಾಕ್ಷಿ ಒಂದೇ.

“ಹೌದ್ರಿ ಅಪ್ಪಾ. ಈ ಮೂರೂ ಬಹಳಮಟ್ಟಿಗೆ ಅವೇ ಸರಪಳಿಗಳನ್ನ ಓದಿ ಹೇಳ್ತಾವ. ಮೂರೂ ಒಪ್ಪಿದ್ರೂ ಮೂರು ಸಾಕ್ಷಿ ಆಗೂದಿಲ್ಲ.” ಅವಳು ಇನ್ನೊಂದು ಮಾತನ್ನೂ ಹೇಳಿದಳು. ಕೆಲವು ಬದಲಾವಣೆಗಳು ಈ ಕಿಣ್ವವನ್ನು ಕುಂದಿಸದೆ ಅತಿಚುರುಕಾಗಿಸುತ್ತವೆ. ಆಗ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ. ಈ ತಂತ್ರಾಂಶಗಳು ಹಾನಿ ಎಂದಷ್ಟೇ ನುಡಿಯುತ್ತವೆ. ಹಾನಿ ಯಾವ ದಿಕ್ಕಿನದೆಂದು ತಿಳಿಸುವುದಿಲ್ಲ.

ಹಾಗಾದರೆ ಸ್ವತಂತ್ರ ಸಾಕ್ಷಿ ಎಲ್ಲಿದೆ? ಪ್ರಯೋಗಾಲಯದಲ್ಲಿ ಕಿಣ್ವವನ್ನೇ ತಯಾರಿಸಿ ಅಳೆಯುವುದು ಒಂದು ದಾರಿ. ಕುಟುಂಬವನ್ನು ಓದುವುದು ಇನ್ನೊಂದು. ತಂದೆಗೂ ಸಕ್ಕರೆ ಮೊದಲಿನಿಂದ ತುಸು ಹೆಚ್ಚು, ಅಜ್ಜಿಗೂ ಹಾಗೆಯೇ. ಅವರಲ್ಲೂ ಅದೇ ಬದಲಾವಣೆ ಇದ್ದರೆ ಅದೇ ಕಾರಣವೆಂಬ ಅನುಮಾನ ಬಲಗೊಳ್ಳುತ್ತದೆ. ಇಲ್ಲದಿದ್ದರೆ ಹುಡುಕಾಟ ಬೇರೆಡೆಗೆ ತಿರುಗಬೇಕು. ಅಲ್ಲಿಯವರೆಗೆ ಮಾತ್ರೆ ಬಿಡಬೇಡಿರೆಂದರು ವೈದ್ಯರು.

ಮರುವಾರ ಶಿಕ್ಷಕರು ತಾಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಮಿರಜಿಗೆ ಹೋಗಿ ಇಬ್ಬರ ರಕ್ತವನ್ನೂ ಕೊಟ್ಟು ಬಂದರು. ವರದಿಯ ದಾರಿ ಕಾಯುತ್ತ ಮಗಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಮೂರು ತಂತ್ರಾಂಶಗಳ ಹೆಸರಿನ ಕೆಳಗೆ ಇನ್ನೆರಡು ಸಾಲು ಬಿಟ್ಟಿದ್ದಾಳೆ: ಅಪ್ಪ, ಅಜ್ಜಿ.